ಜಿನೀವಾ ಸರೋವರದ ಒಂಬತ್ತು ಮನೆಗಳು

ಷಿಕಾಗೊ ನಗರವನ್ನು ಬಿಟ್ಟು ವಾಯವ್ಯ ದಿಕ್ಕಿಗೆ ಹೊರಟ ಪ್ರವಾಸಿಗನಿಗೆ ಮೊದಲ ಒಂದು ಗಂಟೆ ನಗರದ ಸೆರಗಿನಿಂದ ಬಿಡಿಸಿಕೊಳ್ಳುವುದರಲ್ಲಿಯೇ ಕಳೆಯುತ್ತದೆ. ಆಮೇಲೆ ಕಟ್ಟಡಗಳು ತಗ್ಗುತ್ತವೆ. ಮುಸುಕಿನ ಜೋಳದ ಹೊಲಗಳೂ ಕೆಂಪು ಬಣ್ಣ ಬಳಿದ ದೊಡ್ಡ ಕೊಟ್ಟಿಗೆಗಳೂ ಕಾಣಿಸಿಕೊಳ್ಳುತ್ತವೆ. ಇಲಿನಾಯ್ ಸಂಸ್ಥಾನದ ಗಡಿಯನ್ನು ದಾಟಿ ವಿಸ್ಕಾನ್ಸಿನ್ ಸಂಸ್ಥಾನವನ್ನು ಹೊಕ್ಕು ಇನ್ನಷ್ಟು ದೂರ ಸಾಗಿದರೆ ಮರಗಳ ನಡುವೆ ಒಮ್ಮೆಲೇ ನೀರು ಹೊಳೆಯುತ್ತದೆ. ಷಿಕಾಗೊದಿಂದ ಸುಮಾರು ೧೨೦ ಕಿಲೋಮೀಟರ್ ದೂರದ ಈ ಊರಿನ ಹೆಸರು ಲೇಕ್ ಜಿನೀವಾ. ಎಂಟು ಸಾವಿರದಷ್ಟು ಜನರಿರುವ ಪುಟ್ಟ ಪಟ್ಟಣ. ಹಿಂದೆ ಶ್ರೀಮಂತರನ್ನು ಹೊತ್ತು ತರುತ್ತಿದ್ದ ರೈಲು ಈಗ ಇಲ್ಲಿಯವರೆಗೆ ಬರುವುದಿಲ್ಲ. ಷಿಕಾಗೊದ ರೈಲು ಗಡಿಯಾಚೆಯ ಹಾರ್ವರ್ಡ್ ಎಂಬ ಸಣ್ಣ ಊರಿನಲ್ಲಿಯೇ ನಿಂತುಬಿಡುತ್ತದೆ.

ಹೆಸರಿನಲ್ಲಿಯೇ ಒಂದು ಚಮತ್ಕಾರವಿದೆ. ಊರು ಲೇಕ್ ಜಿನೀವಾ. ಸರೋವರ ಜಿನೀವಾ ಲೇಕ್. ಹಿಂದುಮುಂದಾದ ಈ ಎರಡು ಹೆಸರುಗಳನ್ನು ಹೊಸಬರು ಅದಲುಬದಲು ಮಾಡುವುದು ವಾಡಿಕೆ. ಸ್ವಿಟ್ಜರ್ಲೆಂಡಿನ ಜಿನೀವಾದಿಂದ ಈ ಹೆಸರು ನೇರವಾಗಿ ಬಂದುದಲ್ಲ. ೧೮೩೦ರ ದಶಕದಲ್ಲಿ ಈ ಸೀಮೆಯನ್ನು ಅಳೆಯಲು ಬಂದ ಜಾನ್ ಬ್ರಿಂಕ್ ಎಂಬ ಮೋಜಣಿದಾರನು ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಎಂಬ ಊರನ್ನು ನೆನೆದು ಇಲ್ಲಿಗೂ ಅದೇ ಹೆಸರನ್ನಿಟ್ಟನು. ಆ ಊರೂ ಇಂಥದೇ ಒಂದು ಸರೋವರದ ದಡದಲ್ಲಿದೆ.

ಸರೋವರದ ಉದ್ದ ಸುಮಾರು ೧೨ ಕಿಲೋಮೀಟರ್. ಆಳವಾದ ಕಡೆ ೪೦ ಮೀಟರಿಗೂ ಮಿಕ್ಕಿದೆ. ದಡದ ಅಂಚಿನಲ್ಲಿ ಸುತ್ತಲೂ ಸುಮಾರು ೩೪ ಕಿಲೋಮೀಟರಿನ ಕಾಲುದಾರಿಯೊಂದುಂಟು. ಅದು ಹಾದುಹೋಗುವುದು ಕೋಟ್ಯಧೀಶರ ಹೂದೋಟಗಳ ನಡುವೆ. ಆದರೂ ಯಾರು ಬೇಕಾದರೂ ನಡೆಯಬಹುದು, ತಡೆಯುವವರಿಲ್ಲ. ತನ್ನ ಮನೆಯ ಮುಂದಿನ ದಾರಿಯನ್ನು ಆಯಾ ಮನೆಯ ಒಡೆಯನೇ ನೋಡಿಕೊಳ್ಳುವುದರಿಂದ ಒಂದು ಕಡೆ ಇಟ್ಟಿಗೆಯ ಹಾಸು, ಇನ್ನೊಂದು ಕಡೆ ಜಲ್ಲಿ, ಮತ್ತೊಂದು ಕಡೆ ಬರಿಯ ಹುಲ್ಲು. ಬೇಸಗೆಯ ತಿಂಗಳುಗಳಲ್ಲಿ ಇಲ್ಲಿಯ ಅಂಚೆ ದೋಣಿಯಲ್ಲಿ ಬರುತ್ತದೆ. ೧೯೧೬ರಿಂದ ನಡೆದುಬಂದ ಪದ್ಧತಿ ಇದು. ದೋಣಿ ನಿಲ್ಲುವುದಿಲ್ಲ. ಹದಿಹರೆಯದ ಹುಡುಗಿಯೋ ಹುಡುಗನೋ ಚಲಿಸುವ ದೋಣಿಯಿಂದ ಕಟ್ಟೆಗೆ ನೆಗೆದು, ಓಡಿ ಪೆಟ್ಟಿಗೆಯಲ್ಲಿ ಕಾಗದಗಳನ್ನಿಟ್ಟು, ದೋಣಿಯ ಹಿಂಬದಿ ಕಟ್ಟೆಯನ್ನು ದಾಟಿಹೋಗುವುದರೊಳಗೆ ಮರಳಿ ನೆಗೆಯಬೇಕು. ತಪ್ಪಿದರೆ ನೀರು, ನೋಡುವವರಿಗೆ ಚಪ್ಪಾಳೆಯ ಸುಗ್ಗಿ.

ಆದರೆ ಈ ಊರಿನ ಹೆಸರು ದೂರದೂರದ ದೇಶಗಳಲ್ಲಿ ಕೇಳಿಬರುವುದು ದೋಣಿಗಾಗಿಯೂ ಅಲ್ಲ, ತೋಟಗಳಿಗಾಗಿಯೂ ಅಲ್ಲ, ಒಂದು ಆಟಕ್ಕಾಗಿ. ಆ ಆಟದಲ್ಲಿ ಪಾತ್ರಗಳ ಸ್ವಭಾವವನ್ನೆಲ್ಲ ಒಂಬತ್ತು ಮನೆಗಳಲ್ಲಿ ಹಂಚಿಡುವ ಏರ್ಪಾಡುಂಟು. ಆ ಮನೆಗಳು ಎಲ್ಲಿಯವರೆಗೆ ಮನುಷ್ಯನನ್ನು ಹಿಡಿಸಿಕೊಂಡಾವು, ಎಲ್ಲಿ ಬಿರುಕು ಬಿಟ್ಟಾವು ಎಂಬುದನ್ನು ಯೋಚಿಸಲು ಈ ಸರೋವರದ ದಡ ತಕ್ಕ ಸ್ಥಳ. ಏಕೆಂದರೆ ಆಟ ಹುಟ್ಟುವ ಮೊದಲೇ ಈ ದಡದಲ್ಲಿ ಒಮ್ಮೆ ಮನುಷ್ಯರನ್ನೂ ಇನ್ನೊಮ್ಮೆ ನಕ್ಷತ್ರಗಳನ್ನೂ ಪಟ್ಟಿ ಮಾಡಿ ಬೇರ್ಪಡಿಸಿದ್ದುಂಟು.

ಮಿತ್ರ ಯಾರು, ಶತ್ರು ಯಾರು?

ಬಿಳಿಯರು ಬರುವ ಮುನ್ನ ಈ ಸೀಮೆ ಪೊಟವಾಟಮಿ ಎಂಬ ಮೂಲನಿವಾಸಿಗಳದಾಗಿತ್ತು. ದಡದ ಕಾಲುದಾರಿಯೂ ಮೊದಲು ಅವರ ಪಾದಗಳಿಂದಲೇ ಸವೆದದ್ದೆಂದು ಊರಿನವರು ಹೇಳುತ್ತಾರೆ. ಇಲ್ಲಿಯ ಹಳ್ಳಿಗೆ ಬಿಗ್ ಫುಟ್, ಎಂದರೆ ದೊಡ್ಡ ಪಾದದವನು, ಎಂಬಾತ ನಾಯಕನಾಗಿದ್ದನು. ೧೮೨೭ರಲ್ಲಿ ನೆರೆಯ ವಿನ್ನೆಬಾಗೊ ಜನಕ್ಕೂ ಅಮೆರಿಕನ್ನರಿಗೂ ಕಲಹ ಹುಟ್ಟಿದಾಗ ಷಿಕಾಗೊದಲ್ಲಿ ನೆಲೆಸಿದ್ದ ಬಿಳಿಯರನ್ನು ಕಾಡಿದ ಪ್ರಶ್ನೆ ಒಂದೇ: ಬಿಗ್ ಫುಟ್ ಯಾರ ಪಕ್ಷ? ಅವನ ಮನಸ್ಸನ್ನು ತಿಳಿದುಬರಲು ಶಬ್ಬೊನಾ ಎಂಬ ಇನ್ನೊಬ್ಬ ನಾಯಕನು ಈ ದಡಕ್ಕೆ ಬಂದನು. ಬಿಗ್ ಫುಟ್ ಅವನನ್ನು ಸೆರೆಯಲ್ಲಿಟ್ಟು ಆಮೇಲೆ ಬಿಟ್ಟುಕೊಟ್ಟನು. ಅಲ್ಲಿಗೆ ಬಿಳಿಯರ ಪಟ್ಟಿ ಸಿದ್ಧವಾಯಿತು. ಶಬ್ಬೊನಾ ಮಿತ್ರ, ಬಿಗ್ ಫುಟ್ ಶತ್ರು.

ಪಟ್ಟಿಯಿಂದ ಆದ ಫಲವನ್ನು ನೋಡಬೇಕು. ೧೮೩೩ರ ಷಿಕಾಗೊ ಒಪ್ಪಂದದಲ್ಲಿ ಪೊಟವಾಟಮಿಗಳು ಮತ್ತವರ ನೆರೆಯವರು ಮಿಷಿಗನ್ ಸರೋವರದ ಪಶ್ಚಿಮಕ್ಕಿದ್ದ ನೆಲವನ್ನು ಬಿಟ್ಟುಕೊಡಬೇಕಾಯಿತು. ೧೮೩೬ರಲ್ಲಿ ಬಿಗ್ ಫುಟ್‌ನ ಜನ ಈ ಸರೋವರವನ್ನು ತೊರೆದು ಪಶ್ಚಿಮಕ್ಕೆ ನಡೆದರು. ಶತ್ರುವಿನ ಗತಿ ಹೀಗಾಯಿತು, ಮಿತ್ರನ ಗತಿಯಾದರೂ ಮೇಲಾಯಿತೆ? ಶಬ್ಬೊನಾನಿಗೆಂದು ಇಲಿನಾಯ್ ಸೀಮೆಯಲ್ಲಿ ೧೮೨೯ರ ಒಪ್ಪಂದದ ಮೂಲಕ ಮೀಸಲಾಗಿದ್ದ ೧೨೮೦ ಎಕರೆ ನೆಲವನ್ನು, ೧೮೪೯ರಲ್ಲಿ ಅವನು ಪಶ್ಚಿಮದ ಬಂಧುಗಳನ್ನು ಕಾಣಲು ಹೋಗಿದ್ದಾಗ, ಹರಾಜು ಹಾಕಿಬಿಟ್ಟರು. ಅದರಲ್ಲಿ ಒಂದಿಷ್ಟು ನೆಲವನ್ನು ಆ ಜನಾಂಗದ ಹೆಸರಿಗೆ ಮರಳಿ ದಾಖಲೆ ಮಾಡುವಷ್ಟರಲ್ಲಿ ೨೦೨೪ ಬಂದಿತ್ತು. ಈಗ ಲೇಕ್ ಜಿನೀವಾದ ದಕ್ಷಿಣಕ್ಕೆ ಬಿಗ್ ಫುಟ್ ಬೀಚ್ ಎಂಬ ಸುಂದರವಾದ ಸರಕಾರಿ ಉದ್ಯಾನವುಂಟು. ಮಕ್ಕಳು ಅಲ್ಲಿ ಮರಳಿನ ಗೂಡು ಕಟ್ಟಿ ಆಡುತ್ತಾರೆ.

ನಕ್ಷತ್ರಗಳಿಗೆ ಮನೆ

೧೮೭೧ರಲ್ಲಿ ಷಿಕಾಗೊ ನಗರವು ಮಹಾ ಬೆಂಕಿಗೆ ತುತ್ತಾಯಿತು. ಅದೇ ವರ್ಷ ಲೇಕ್ ಜಿನೀವಾಕ್ಕೆ ರೈಲು ಬಂದಿತು. ನಗರದ ಸಿರಿವಂತರು ತಮ್ಮ ಸಂಸಾರಗಳನ್ನು ಇಲ್ಲಿಗೆ ಕಳುಹಿಸಿ, ಸರೋವರದ ಸುತ್ತ ಅರಮನೆಯಂಥ ಬಂಗಲೆಗಳನ್ನು ಕಟ್ಟಿಸಿದರು. ಆ ಕಾಲದ ಒಂದು ದೊಡ್ಡ ಕೊಡುಗೆ ಸರೋವರದ ವಾಯವ್ಯಕ್ಕೆ ವಿಲಿಯಮ್ಸ್ ಬೇ ಎಂಬ ಹಳ್ಳಿಯ ದಿಬ್ಬದ ಮೇಲೆ ನಿಂತಿದೆ. ಅದೇ ೧೮೯೭ರಲ್ಲಿ ತೆರೆದ ಯರ್ಕೀಸ್ ವೀಕ್ಷಣಾಲಯ. ಅಲ್ಲಿಯ ದೂರದರ್ಶಕದ ಗಾಜು ಅಡ್ಡಳತೆಯಲ್ಲಿ ೪೦ ಅಂಗುಲ. ಖಗೋಳದ ಸಂಶೋಧನೆಗೆ ಬಳಸಿದ ಮಸೂರ ದೂರದರ್ಶಕಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಇದಕ್ಕೆ ಹಣ ಕೊಟ್ಟ ಚಾರ್ಲ್ಸ್ ಯರ್ಕೀಸ್ ಷಿಕಾಗೊದ ಟ್ರಾಮು ಬಂಡಿಗಳ ಒಡೆಯ. ಸಾರ್ವಜನಿಕ ಹಣವನ್ನು ದುರುಪಯೋಗ ಮಾಡಿದ ಆರೋಪದ ಮೇಲೆ ಹಿಂದೆ ಫಿಲಡೆಲ್ಫಿಯದಲ್ಲಿ ಸೆರೆಮನೆ ಕಂಡವನು; ನಗರಸಭೆಯ ಸದಸ್ಯರಿಗೆ ಲಂಚ ಉಣಿಸುವುದರಲ್ಲಿ ನಿಸ್ಸೀಮನೆಂದು ಹೆಸರಾದವನು. ಕೆಟ್ಟ ಹೆಸರನ್ನು ತೊಳೆದುಕೊಳ್ಳಲೆಂದೇ ಅವನು ವಿಜ್ಞಾನಕ್ಕೆ ದಾನ ಮಾಡಿದನೆಂದು ಹಲವರ ಅಭಿಪ್ರಾಯ. ಉದ್ದೇಶ ಏನೇ ಇರಲಿ, ಆ ಗಾಜಿನ ಮೂಲಕ ಒಂದು ಶತಮಾನ ಕಾಲ ಮನುಷ್ಯರು ಆಕಾಶವನ್ನು ಓದಿದರು. ನಮ್ಮ ದೇಶದ ಸುಬ್ರಹ್ಮಣ್ಯನ್ ಚಂದ್ರಶೇಖರರು ೧೯೩೭ರಿಂದ ೧೯೬೪ರವರೆಗೆ ಈ ವಿಲಿಯಮ್ಸ್ ಬೇ ಹಳ್ಳಿಯಲ್ಲಿಯೇ ವಾಸವಾಗಿದ್ದರು. ಷಿಕಾಗೊ ವಿಶ್ವವಿದ್ಯಾನಿಲಯವು ೨೦೧೮ರಲ್ಲಿ ಇಲ್ಲಿಯ ಕೆಲಸವನ್ನು ನಿಲ್ಲಿಸಿತು. ಬಳಿಕ ಸ್ಥಳೀಯರ ಪ್ರಯತ್ನದಿಂದ ಉಳಿದುಕೊಂಡ ಕಟ್ಟಡವು ೨೦೨೨ರಿಂದ ಮತ್ತೆ ಪ್ರವಾಸಿಗರಿಗೆ ತೆರೆದಿದೆ.

ಇಲ್ಲಿ ನಡೆದ ಒಂದು ಕೆಲಸವನ್ನು ವಾಚಕರು ನೆನಪಿನಲ್ಲಿಡಬೇಕು. ೧೯೪೩ರಲ್ಲಿ ಮಾರ್ಗನ್, ಕೀನನ್ ಮತ್ತು ಎಡಿತ್ ಕೆಲ್ಮನ್ ಎಂಬ ಮೂವರು ಸೇರಿ ನಕ್ಷತ್ರಗಳನ್ನು ವರ್ಗೀಕರಿಸುವ ಕ್ರಮವೊಂದನ್ನು ಪ್ರಕಟಿಸಿದರು. ಅದಕ್ಕೆ ಎರಡು ಅಳತೆಗಳು: ಒಂದು ನಕ್ಷತ್ರದ ಬಿಸಿಯನ್ನು ಸೂಚಿಸುತ್ತದೆ, ಇನ್ನೊಂದು ಅದರ ನಿಜವಾದ ಪ್ರಕಾಶವನ್ನು. ಎರಡನ್ನೂ ಕೂಡಿಸಿದರೆ ಯಾವ ನಕ್ಷತ್ರ ಯಾವ ಮನೆಯದೆಂದು ತಿಳಿಯುತ್ತದೆ. ಆ ಕ್ರಮದಲ್ಲಿ ನಮ್ಮ ಸೂರ್ಯನು ‘ಜಿ೨’ ಎಂಬ ಬಗೆಗೂ ಐದನೆಯ ಪ್ರಕಾಶದರ್ಜೆಗೂ ಸೇರಿದವನು. ಬೆಳಕನ್ನು ಬಿಡಿಸಿ ನೋಡಿದ ಯಾವ ದೇಶದ ಪಂಡಿತನೂ ಅದೇ ಉತ್ತರವನ್ನು ಕೊಡುತ್ತಾನೆ. ತನ್ನನ್ನು ಯಾವ ಮನೆಯಲ್ಲಿ ಬರೆದಿದ್ದಾರೆಂಬುದು ಸೂರ್ಯನಿಗೆ ತಿಳಿಯದು. ತಿಳಿದು ಅವನು ನಡತೆಯನ್ನು ಬದಲಿಸಿಕೊಳ್ಳುವುದೂ ಇಲ್ಲ.

ಸೆಂಟರ್ ಬೀದಿಯ ಮನೆ

ವಿಲಿಯಮ್ಸ್ ಬೇಯಿಂದ ಮರಳಿ ಲೇಕ್ ಜಿನೀವಾ ಪಟ್ಟಣದೊಳಗೆ ಬಂದರೆ ಸೆಂಟರ್ ಬೀದಿ ಸಿಕ್ಕುತ್ತದೆ. ಅಲ್ಲಿಯ ಒಂದು ಸಾಧಾರಣ ಮನೆಯಲ್ಲಿ ಗ್ಯಾರಿ ಗೈಗ್ಯಾಕ್ಸರು ಸಂಸಾರ ಹೂಡಿದ್ದರು. ಅವರು ೧೯೩೮ರಲ್ಲಿ ಷಿಕಾಗೊದಲ್ಲಿ ಹುಟ್ಟಿದವರು. ತಂದೆ ಸ್ವಿಟ್ಜರ್ಲೆಂಡಿನಿಂದ ಬಂದು ಷಿಕಾಗೊದ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದವರು. ಬಾಲಕನಿಗೆ ಎಂಟು ವರ್ಷವಾಗಿದ್ದಾಗ ಸಂಸಾರವು ತಾಯಿಯ ಕಡೆಯವರ ಊರಾದ ಇಲ್ಲಿಗೆ ಬಂದು ನೆಲೆಸಿತು. ದೊಡ್ಡವರಾದ ಮೇಲೆ ಗೈಗ್ಯಾಕ್ಸರು ವಿಮಾ ಕಂಪೆನಿಯಲ್ಲಿ ಕೆಲಸಕ್ಕಿದ್ದರು. ೧೯೭೦ರಲ್ಲಿ ಆ ಕೆಲಸ ಹೋಯಿತು. ಮನೆಯ ನೆಲಮಾಳಿಗೆಯಲ್ಲಿ ಪಾದರಕ್ಷೆಗಳನ್ನು ರಿಪೇರಿ ಮಾಡಿ ಹೆಂಡತಿ ಮಕ್ಕಳನ್ನು ಸಾಕತೊಡಗಿದರು.

ಅವರಿಗೊಂದು ಹವ್ಯಾಸವಿತ್ತು. ಹಳೆಯ ಕಾಲದ ಯುದ್ಧಗಳನ್ನು ಸೀಸದ ಪುಟ್ಟ ಗೊಂಬೆಗಳಿಂದ ಮೇಜಿನ ಮೇಲೆ ಮರಳಿ ಹೂಡುವ ಆಟ. ಆ ಆಟದವರನ್ನೆಲ್ಲ ಸೇರಿಸಿ ೧೯೬೮ರಲ್ಲಿ ಊರಿನ ತೋಟಗಾರಿಕೆ ಸಂಘದ ಸಭಾಭವನದಲ್ಲಿ ಒಂದು ದಿನದ ಮೇಳವನ್ನು ನಡೆಸಿದರು. ೧೯೭೧ರಲ್ಲಿ ಜೆಫ್ ಪೆರೆನ್ ಎಂಬವರೊಡನೆ ‘ಚೈನ್‌ಮೇಲ್’ ಎಂಬ ನಿಯಮಪುಸ್ತಕವನ್ನು ಹೊರತಂದರು. ೧೯೭೨ರ ಕೊನೆಯಲ್ಲಿ ನೆರೆಯ ಮಿನೆಸೋಟ ಸಂಸ್ಥಾನದ ಡೇವ್ ಆರ್ನೆಸನ್ನರು ಈ ಊರಿಗೆ ಬಂದು ತಮ್ಮ ಹೊಸ ಆಟವನ್ನು ತೋರಿಸಿದರು. ಅದರಲ್ಲಿ ಆಟಗಾರನು ಸೈನ್ಯವನ್ನು ನಡೆಸುವುದಿಲ್ಲ. ಒಬ್ಬನೇ ಒಬ್ಬ ಮನುಷ್ಯನಾಗುತ್ತಾನೆ. ಗೈಗ್ಯಾಕ್ಸರು ಅದನ್ನು ಬೆಳೆಸಿದರು. ಅವರ ಕೈಯಲ್ಲಿ ಮೊದಲು ಆಡಿದವರು ಅವರ ಮಗ ಮತ್ತು ಮಗಳು. ೧೯೭೪ರಲ್ಲಿ ಮರದ ಬಣ್ಣದ ರಟ್ಟಿನ ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕಗಳನ್ನಿಟ್ಟು, ಹತ್ತು ಡಾಲರು ಬೆಲೆಯಿಟ್ಟು, ಒಂದು ಸಾವಿರ ಪ್ರತಿಗಳನ್ನು ಮಾರಾಟಕ್ಕೆ ತಂದರು. ಅದೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’.

ಪಗಡೆ, ಚೌಕಾಬಾರ, ಪರಮಪದ ಸೋಪಾನಪಟಗಳನ್ನು ಬಲ್ಲ ನಮ್ಮ ಮನೆಗಳಿಗೆ ಈ ಆಟ ಮೊದಲ ನೋಟಕ್ಕೆ ವಿಚಿತ್ರವಾಗಿ ತೋರೀತು. ಇದರಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರ, ಕಾಡು, ಕೋಟೆ, ಗವಿ, ರಾಕ್ಷಸರನ್ನೆಲ್ಲ ಮಾತಿನಲ್ಲಿ ಕಟ್ಟಿ ನಿಲ್ಲಿಸುವವನು ಅವನೇ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಯೋಧ, ಮಂತ್ರವಾದಿ, ಕಳ್ಳ, ಪೂಜಾರಿ. ‘ಬಾಗಿಲು ತೆರೆಯುತ್ತೇನೆ’, ‘ಸೇತುವೆಯನ್ನು ದಾಟುತ್ತೇನೆ’ ಎಂದು ಅವರು ಹೇಳುತ್ತಾರೆ. ಸಂಶಯವಿದ್ದಲ್ಲಿ ಇಪ್ಪತ್ತು ಮುಖದ ದಾಳವು ತೀರ್ಮಾನಿಸುತ್ತದೆ. ಪರಮಪದದ ಪಟದಲ್ಲಿ ಪುಣ್ಯ ಪಾಪಗಳು ಪಟದ ಮೇಲಿರುತ್ತವೆ. ಏಣಿಯೋ ಹಾವೋ ಎಂಬುದನ್ನು ಗರವೇ ಹೇಳುತ್ತದೆ, ಕಾಯಿಗೆ ಆಯ್ಕೆಯಿಲ್ಲ. ಈ ಆಟದಲ್ಲಾದರೋ ಆಯ್ಕೆಯೇ ಆಟ. ಆದಕಾರಣ ಪುಣ್ಯ ಪಾಪಗಳ ಲೆಕ್ಕವೂ ಇಲ್ಲಿ ಕಷ್ಟದ್ದಾಯಿತು.

ಮೂರು ಒಂಬತ್ತಾದದ್ದು

‘ಚೈನ್‌ಮೇಲ್’ ಪುಸ್ತಕದ ಕೊನೆಯಲ್ಲಿ ಕಟ್ಟುಕತೆಯ ಜೀವಿಗಳ ಪಟ್ಟಿಯೊಂದಿತ್ತು. ಅದಕ್ಕೆ ಮೂರು ಸಾಲುಗಳು: ನಿಯಮದ ಪಕ್ಷ, ತಟಸ್ಥರು, ಅರಾಜಕತೆಯ ಪಕ್ಷ. ಕುಳ್ಳರೂ ವೀರರೂ ಮೊದಲನೆಯದಕ್ಕೆ. ಗಾಬ್ಲಿನ್, ಆರ್ಕ್ ಮೊದಲಾದ ದುಷ್ಟ ಜೀವಿಗಳು ಮೂರನೆಯದಕ್ಕೆ. ಪೌಲ್ ಆಂಡರ್ಸನ್ ಮತ್ತು ಮೈಕೆಲ್ ಮೂರ್‌ಕಾಕ್ ಎಂಬ ಕಾದಂಬರಿಕಾರರು ಬಳಸಿದ್ದ ಕಲ್ಪನೆ ಇದಕ್ಕೆ ಮೂಲ. ಸೈನ್ಯ ಹೂಡುವವನಿಗೆ ಇಂಥ ಪಟ್ಟಿ ಸಾಕು. ಕುರುಕ್ಷೇತ್ರದಲ್ಲಿ ಯಾರು ಯಾವ ಕಡೆ ನಿಂತರೆಂಬುದನ್ನು ತಿಳಿಯಲು ಎರಡೇ ಸಾಲಿನ ಪಟ್ಟಿ ಸಾಲದೆ? ಕರ್ಣನು ಕೌರವರ ಸಾಲಿನಲ್ಲಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ಸಾಲನ್ನು ಓದಿ ಕರ್ಣನು ಎಂಥವನೆಂದು ಹೇಳಹೊರಟರೆ ಕನ್ನಡ ನಾಡಿನ ಯಾವ ಗಮಕಿಯೂ ಒಪ್ಪಲಾರನು.

ಲೇಕ್ ಜಿನೀವಾದಲ್ಲಿ ಆದದ್ದು ಇದೇ. ಪಕ್ಷವನ್ನು ಹೇಳಲು ಹುಟ್ಟಿದ ಪಟ್ಟಿಯು ಸ್ವಭಾವವನ್ನು ಹೇಳಲು ಹೊರಟಿತು. ಶಿಸ್ತಿನವನೆಲ್ಲ ಒಳ್ಳೆಯವನಲ್ಲ, ಶಿಸ್ತಿಲ್ಲದವನೆಲ್ಲ ಕೆಟ್ಟವನಲ್ಲ ಎಂಬುದು ಆಟಗಾರರಿಗೆ ಬೇಗನೆ ಹೊಳೆಯಿತು. ೧೯೭೬ರಲ್ಲಿ ಗೈಗ್ಯಾಕ್ಸರು ಲೇಖನವೊಂದರಲ್ಲಿ ನಿಯಮ, ಅರಾಜಕತೆಗಳ ಗೆರೆಗೆ ಅಡ್ಡವಾಗಿ ಒಳಿತು, ಕೆಡುಕುಗಳ ಇನ್ನೊಂದು ಗೆರೆಯನ್ನು ಎಳೆದರು. ೧೯೭೮ರ ಹೊತ್ತಿಗೆ ಮೂರಡಿ ಮೂರು ಒಂಬತ್ತು ಮನೆಗಳು ಸಿದ್ಧವಾಗಿದ್ದವು. ನಿಯಮಬದ್ಧ ಸಜ್ಜನ, ತಟಸ್ಥ ಸಜ್ಜನ, ಸ್ವಚ್ಛಂದ ಸಜ್ಜನ. ಹಾಗೆಯೇ ನಡುವೆ ಮೂವರು ತಟಸ್ಥರು. ಕೆಳಗೆ ಮೂವರು ದುರ್ಜನರು. ಸರೋವರದ ಆಚೆ ದಡದಲ್ಲಿ ನಕ್ಷತ್ರಗಳಿಗೆ ಎರಡು ಅಳತೆಗಳ ಮನೆ ಕಟ್ಟಿದ ಮೂವತ್ತೈದು ವರ್ಷಗಳಿಗೆ, ಈಚೆ ದಡದಲ್ಲಿ ಕಲ್ಪನೆಯ ಮನುಷ್ಯರಿಗೂ ಅಂಥದೇ ಮನೆ ಎದ್ದಿತು. ಒಂದರಿಂದ ಇನ್ನೊಂದು ಹುಟ್ಟಿತೆಂದಲ್ಲ. ನೆರೆಹೊರೆಯಲ್ಲಿರುವುದರಿಂದ ಹೋಲಿಸಿ ನೋಡಲು ಸುಲಭ.

ಏರ್ಪಾಡಿನಲ್ಲಿ ಗುಣವಿಲ್ಲವೆಂದಲ್ಲ. ಹೊಸದಾಗಿ ಆಡಲು ಕುಳಿತ ಹುಡುಗನಿಗೆ ‘ನಿನ್ನ ಪಾತ್ರ ಎಂಥವನು?’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಒಂಬತ್ತು ಮನೆಗಳನ್ನು ಮುಂದಿಟ್ಟು ‘ಆರಿಸಿಕೊ’ ಎಂದರೆ ಒಂದು ಹಿಡಿ ಸಿಕ್ಕುತ್ತದೆ. ಮಾತು ಕೊಟ್ಟರೆ ತಪ್ಪದವನು, ಆದರೆ ಕರುಣೆಯಿಲ್ಲದವನು. ಕಾಯಿದೆಗೆ ಬಗ್ಗದವನು, ಆದರೆ ಬಡವರಿಗೆ ಆಗುವವನು. ಎರಡೇ ಮಾತಿನಲ್ಲಿ ಮನುಷ್ಯನ ನೆರಳು ಮೂಡುತ್ತದೆ. ಅಲ್ಲಿಯವರೆಗೆ ಆ ಮನೆಗಳು ಚೆನ್ನಾಗಿಯೇ ಹಿಡಿಸುತ್ತವೆ.

ತೊಡಕು ಹುಟ್ಟಿದ್ದು ಮನೆಗೆ ಬೀಗ ಹಾಕಿದಾಗ. ಮೊದಲ ನಿಯಮಗಳಲ್ಲಿ ಒಂದೊಂದು ಪಕ್ಷಕ್ಕೂ ಒಂದೊಂದು ಗುಪ್ತಭಾಷೆಯಿತ್ತು. ಸಜ್ಜನರೆಲ್ಲ ಹುಟ್ಟಿನಿಂದಲೇ ಒಂದು ಭಾಷೆ ಬಲ್ಲವರೆಂಬಂತೆ. ಕೆಡುಕನ್ನು ಕಂಡುಹಿಡಿಯುವ ಮಂತ್ರವಿತ್ತು. ಎದುರಿಗಿದ್ದವನು ಏನು ಮಾಡಿದನೆಂದು ವಿಚಾರಿಸಬೇಕಾದದ್ದೇ ಇಲ್ಲ, ಮಂತ್ರ ಹಾಕಿದರೆ ತೀರಿತು. ೧೯೭೯ರ ಸೂತ್ರಧಾರರ ಕೈಪಿಡಿಯ ಪ್ರಕಾರ ಆಟಗಾರರ ನಡತೆಯನ್ನು ಸೂತ್ರಧಾರನು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋಗಬೇಕು. ಪಾತ್ರವು ತನ್ನ ಮನೆಯನ್ನು ಬಿಟ್ಟು ಇನ್ನೊಂದಕ್ಕೆ ಸರಿದರೆ ಗಳಿಸಿದ ಮೆಟ್ಟಿಲೊಂದನ್ನು ಕಳೆದುಕೊಳ್ಳಬೇಕು. ಪಶ್ಚಾತ್ತಾಪ ಪಟ್ಟು ತಿದ್ದಿಕೊಂಡವನಿಗೂ ದಂಡ! ಇನ್ನು ‘ಪ್ಯಾಲಡಿನ್’ ಎಂಬ ವ್ರತಧಾರಿ ವೀರನ ಪಾಡಂತೂ ಕತ್ತಿಯಲಗಿನ ಮೇಲಿನ ನಡಿಗೆ. ಅವನು ಅರಿತು ಒಂದೇ ಒಂದು ಕೆಟ್ಟ ಕೆಲಸ ಮಾಡಿದರೂ ಅವನ ದೈವದತ್ತ ಶಕ್ತಿಗಳು ಶಾಶ್ವತವಾಗಿ ಹೋದವು.

ಆಟದ ಮೇಜುಗಳಲ್ಲಿ ಹೊತ್ತು ಮೀರಿ ನಡೆಯುವ ಜಗಳಗಳಿಗೆ ಮೂಲ ಇಲ್ಲಿಯೇ. ಪ್ಯಾಲಡಿನ್ನನ ತಂಡಕ್ಕೆ ದರೋಡೆಗಾರನೊಬ್ಬನು ಶರಣಾದನೆಂದು ಇಟ್ಟುಕೊಳ್ಳೋಣ. ಅವನನ್ನು ಕಟ್ಟಿಕೊಂಡು ಹೋಗುವಂತಿಲ್ಲ, ದಾರಿ ಕಠಿನ. ಬಿಟ್ಟರೆ ನಾಳೆ ಹಳ್ಳಿಗೆ ಬೆಂಕಿಯಿಟ್ಟಾನು. ಕೊಂದರೆ ಶರಣಾಗತನನ್ನು ಕೊಂದ ಪಾಪ. ‘ದುಷ್ಟಶಿಕ್ಷಣವೇ ಧರ್ಮ’ ಎನ್ನುತ್ತಾನೆ ಒಬ್ಬ. ‘ಕೊಟ್ಟ ಅಭಯವೇ ಧರ್ಮ’ ಎನ್ನುತ್ತಾನೆ ಇನ್ನೊಬ್ಬ. ಇಬ್ಬರ ಹಾಳೆಯ ಮೇಲೂ ಬರೆದಿರುವುದು ‘ನಿಯಮಬದ್ಧ ಸಜ್ಜನ’ ಎಂದೇ. ಯಾವ ನಿಯಮಕ್ಕೆ ಬದ್ಧ? ರಾಜನ ಕಾಯಿದೆಗೊ, ಕುಲದ ಕಟ್ಟಳೆಗೊ, ತನ್ನ ವ್ರತಕ್ಕೊ? ಮನೆಯ ಹೆಸರು ಇದಕ್ಕೆ ಉತ್ತರ ಕೊಡುವುದಿಲ್ಲ. ಸೂತ್ರಧಾರನು ಒಂದು ತೀರ್ಪು ಕೊಟ್ಟರೆ ಅದು ಪುಸ್ತಕದ ತೀರ್ಪಲ್ಲ, ಅವನ ಸ್ವಂತ ಮನಸ್ಸಿನದು.

ಇನ್ನೊಂದು ಬಗೆಯ ತೊಡಕೂ ಉಂಟು. ಸ್ನೇಹಿತರ ಗಂಟನ್ನೇ ಕದ್ದ ಆಟಗ��ರನನ್ನು ಯಾಕೆಂದು ಕೇಳಿದರೆ ‘ನಾನೇನು ಮಾಡಲಿ? ನನ್ನ ಪಾತ್ರ ಸ್ವಚ್ಛಂದ ಸ್ವಭಾವದವನು’ ಎಂದುಬಿಡುತ್ತಾನೆ. ಸ್ವಭಾವವನ್ನು ವರ್ಣಿಸಲು ಬರೆದ ಮಾತು ಅವನಿಗೆ ನೆಪವಾಯಿತು. ನಕ್ಷತ್ರಕ್ಕೂ ಮನುಷ್ಯನಿಗೂ ಇರುವ ಅಂತರ ಇದೇ. ನಕ್ಷತ್ರವು ತನ್ನ ಪಟ್ಟಿಯನ್ನು ಓದಲಾರದು. ಮನುಷ್ಯನು ಓದುತ್ತಾನೆ, ಓದಿ ಅದರಂತೆ ನಡೆಯುತ್ತಾನೆ, ಇಲ್ಲವೆ ಅದರ ಮರೆಯಲ್ಲಿ ಅಡಗುತ್ತಾನೆ.

ಗವಿಯೊಳಗಿನ ಮಕ್ಕಳು

ಆದರೂ ಇವೆಲ್ಲ ಗೆಳೆಯರ ನಡುವಿನ ವಾದಗಳು. ನಿಜವಾಗಿ ಮನಸ್ಸನ್ನು ಕಲಕುವ ಪ್ರಶ್ನೆ ಬೇರೆ. ೧೯೭೯ರಲ್ಲಿ ಗೈಗ್ಯಾಕ್ಸರು ಹೊಸಬರಿಗಾಗಿ ‘ಗಡಿನಾಡಿನ ಕೋಟೆ’ ಎಂಬ ಅರ್ಥದ ಹೆಸರಿನ ಕಥಾಪುಸ್ತಿಕೆಯೊಂದನ್ನು ಬರೆದರು. ಅಸಂಖ್ಯ ಹುಡುಗರು ಆಟವನ್ನು ಕಲಿತದ್ದು ಅದರಿಂದ. ಅದರಲ್ಲಿ ನಾಗರಿಕರ ಸೀಮೆಯ ಅಂಚಿನಲ್ಲಿ ಒಂದು ಕೋಟೆ, ಆಚೆಗೆ ಕಾಡು, ಕಾಡಿನ ಕಣಿವೆಯೊಂದರಲ್ಲಿ ಅರಾಜಕತೆಯ ಪಕ್ಷದವರ ಗವಿಗಳು. ಕೋಟೆಯಿಂದ ಹೊರಟ ವೀರರು ಗವಿಗಳನ್ನು ಹೊಕ್ಕು, ಗಾಬ್ಲಿನ್, ಆರ್ಕ್ ಮೊದಲಾದವರನ್ನು ಕೊಂದು, ಅವರ ಹಣವನ್ನು ತರುವುದು ಆಟ. ಅವರೆಲ್ಲ ಕೆಡುಕಿನ ಮನೆಯವರೆಂದು ಪುಸ್ತಕವೇ ಹೇಳಿದೆಯಲ್ಲ, ಅನುಮಾನಕ್ಕೆ ಎಡೆಯೆಲ್ಲಿ?

ಆದರೆ ಗವಿಯ ಒಳಕೋಣೆಗಳಲ್ಲಿ ಎಷ್ಟು ಮಂದಿ ಇದ್ದಾರೆಂಬ ಲೆಕ್ಕವನ್ನೂ ಪುಸ್ತಿಕೆ ಕೊಡುತ್ತದೆ. ಆ ಲೆಕ್ಕದಲ್ಲಿ ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ಇವರು ಕಾದಾಡುವವರಲ್ಲವೆಂದೂ ಬರೆದಿದೆ. ಗಂಡಸರು ಸತ್ತ ಮೇಲೆ ಇವರನ್ನು ಏನು ಮಾಡಬೇಕು? ಪುಸ್ತಿಕೆ ಮೌನ. ಎಷ್ಟೋ ಮೇಜುಗಳಲ್ಲಿ ದಾಳಗಳ ಸದ್ದು ನಿಂತುಹೋದದ್ದು ಈ ಕೋಣೆಯ ಬಾಗಿಲಿನಲ್ಲಿ. ‘ಮರಿಯಾದರೂ ಗಾಬ್ಲಿನ್ ಗಾಬ್ಲಿನ್ನೇ, ಪಟ್ಟಿಯಲ್ಲಿ ಕೆಡುಕಿನ ಮನೆ’ ಎಂದು ಒಬ್ಬ ಹೇಳುತ್ತಾನೆ. ‘ಅದು ಇನ್ನೂ ಏನೂ ಮಾಡಿಲ್ಲವಲ್ಲ’ ಎಂದು ಇನ್ನೊಬ್ಬ ಕೇಳುತ್ತಾನೆ. ಮಾಡದ ತಪ್ಪಿಗೆ ಹುಟ್ಟಿನ ಕಾರಣದಿಂದ ಶಿಕ್ಷೆ ಕೊಡಬಹುದೆಂದು ಒಪ್ಪಿಕೊಂಡವನ ಹಾಳೆಯ ಮೇಲೆ ‘ಸಜ್ಜನ’ ಎಂಬ ಮಾತು ಉಳಿಯುವುದೆಂತು?

ಪಟ್ಟಿಯಾದರೂ ಸ್ಥಿರವೆ? ೧೯೭೭ರ ಪುಸ್ತಕದಲ್ಲಿ ಆರ್ಕ್ ಎಂಬ ಜಾತಿ ನಿಯಮಬದ್ಧ ದುರ್ಜನರ ಮನೆಯಲ್ಲಿತ್ತು. ೨೦೦೦ದ ಆವೃತ್ತಿಯಲ್ಲಿ ಅದನ್ನು ಸ್ವಚ್ಛಂದ ದುರ್ಜನರ ಮನೆಗೆ ಸಾಗಿಸಿದರು. ಆರ್ಕುಗಳು ನಡತೆಯನ್ನು ಬದಲಿಸಿಕೊಂಡದ್ದರಿಂದಲ್ಲ. ಪುಸ್ತಕ ಬರೆಯುವವರು ಬದಲಾದದ್ದರಿಂದ. ಗಡಿನಾಡಿನ ಕೋಟೆಯನ್ನು ಬರೆದ ಊರಿನಿಂದ ಬಿಗ್ ಫುಟ್‌ನ ಹಳ್ಳಿಯಿದ್ದ ದಡ ನಡಿಗೆಯ ದೂರದಲ್ಲಿದೆ. ಗೈಗ್ಯಾಕ್ಸರು ಅದನ್ನು ನೆನೆದು ಬರೆದರೆಂದು ಹೇಳಲು ಯಾವ ಆಧಾರವೂ ಇಲ್ಲ. ಆದರೆ ಗಡಿಯ ಕೋಟೆಯೊಳಗೆ ಕುಳಿತು ಆಚೆಯವರ ಮನೆಯನ್ನು ಬರೆಯುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಮಿತ್ರನೆಂದು ಬರೆಸಿಕೊಂಡವನಿಗೂ ಆ ಬರವಣಿಗೆಯಿಂದ ನೆಲ ಉಳಿಯಲಿಲ್ಲ.

ನಮ್ಮ ನಾಡಿನ ಮಕ್ಕಳು ಈ ಪ್ರಶ್ನೆಗೆ ಇನ್ನೊಂದು ಉತ್ತರವನ್ನು ಎಳವೆಯಲ್ಲಿಯೇ ಕೇಳಿರುತ್ತಾರೆ. ಗೋವಿನ ಹಾಡಿನ ಹುಲಿ ಯಾವ ಪಟ್ಟಿಯಲ್ಲಿ ನೋಡಿದರೂ ಕೊಲ್ಲುವ ಜಾತಿ. ಹಸಿದದ್ದು, ಬೇಟೆ ಎದುರಿಗೇ ನಿಂತದ್ದು. ಆದರೂ ಪುಣ್ಯಕೋಟಿ ಕೊಟ್ಟ ಮಾತಿನಂತೆ ಮರಳಿ ಬಂದಾಗ ಆ ಹುಲಿ ತನ್ನ ಮನೆಯನ್ನು ಬಿಟ್ಟು ಹೊರಬರುತ್ತದೆ. ಕಥೆಯನ್ನು ಕೇಳಿದ ಯಾವ ಮಗುವೂ ಹುಲಿಗೆ ಹಾಗೆ ಮಾಡಲು ಹಕ್ಕಿಲ್ಲವೆಂದು ತಕರಾರು ಮಾಡಿದ್ದಿಲ್ಲ.

ಮನೆಗಳು ಸಡಿಲಗೊಂಡದ್ದು

ಆಟದ ಕಂಪೆನಿ ಈಗ ಈ ಊರಿನಲ್ಲಿಲ್ಲ. ೧೯೮೫ರಲ್ಲಿ ಗೈಗ್ಯಾಕ್ಸರ ಕೈಯಿಂದ ಅಧಿಕಾರ ತಪ್ಪಿತು. ೧೯೯೭ರಲ್ಲಿ ಕಂಪೆನಿಯನ್ನು ಕೊಂಡ ವಾಷಿಂಗ್ಟನ್ ಸಂಸ್ಥಾನದವರು ಕೆಲಸವನ್ನು ಪಶ್ಚಿಮ ಕರಾವಳಿಗೆ ಸಾಗಿಸಿದರು. ಆಟದ ನಿಯಮಗಳೂ ಬದಲಾಗುತ್ತ ಬಂದಿವೆ. ಗುಪ್ತಭಾಷೆಗಳು ಎಂದೋ ಹೋದವು. ೨೦೦೮ರ ಆವೃತ್ತಿ ಒಂಬತ್ತು ಮನೆಗಳನ್ನು ಐದಕ್ಕೆ ಇಳಿಸಿತು, ಹಳಬರು ಗದ್ದಲವೆಬ್ಬಿಸಿದರು. ೨೦೧೪ರಲ್ಲಿ ಒಂಬತ್ತೂ ಮರಳಿ ಬಂದವು; ಆದರೆ ಬೀಗಗಳು ಬರಲಿಲ್ಲ. ಪ್ಯಾಲಡಿನ್ ಯಾವ ಮನೆಯವನಾದರೂ ಆಗಬಹುದು. ಅವನನ್ನು ಕಟ್ಟುವುದು ಅವನೇ ಆರಿಸಿಕೊಂಡ ಪ್ರತಿಜ್ಞೆ ಮಾತ್ರ. ೨೦೨೦ರಲ್ಲಿ ಪ್ರಕಾಶಕರು ಆರ್ಕ್ ಮೊದಲಾದ ಜನಾಂಗಗಳನ್ನು ಹುಟ್ಟಿನಿಂದಲೇ ಕೆಟ್ಟವರೆಂದು ಚಿತ್ರಿಸುವುದನ್ನು ಬಿಡುವುದಾಗಿ ಪ್ರಕಟಿಸಿದರು. ೨೦೨೪ರ ಆಟಗಾರರ ಪುಸ್ತಕದಲ್ಲಿ ಆರ್ಕ್ ಆಟಗಾರನೇ ತಾಳಬಹುದಾದ ಪಾತ್ರ. ಒಂಬತ್ತು ಮನೆಗಳೂ ಅದಕ್ಕೆ ತೆರೆದಿವೆ.

ಇದನ್ನು ಕೆಲವರು ಆಟದ ಅಧಃಪತನವೆನ್ನುತ್ತಾರೆ. ಒಳಿತು ಕೆಡುಕುಗಳ ಗೆರೆಯನ್ನು ಅಳಿಸಿದರೆ ವೀರನಿಗೆ ಕೆಲಸವೇನು ಎಂದು ಅವರ ಪ್ರಶ್ನೆ. ಪ್ರಶ್ನೆ ಹಗುರವಾದದ್ದಲ್ಲ. ದಿನವೆಲ್ಲ ದುಡಿದು ಸಂಜೆ ಆಡಲು ಕುಳಿತವನಿಗೆ ಸಂಶಯವಿಲ್ಲದ ಶತ್ರುವೊಬ್ಬ ಬೇಕೆನಿಸುವುದು ಸಹಜ. ಆದರೆ ಗೆರೆ ಅಳಿದಿಲ್ಲ. ಇದ್ದ ಜಾಗದಿಂದ ಸರಿದಿದೆ. ಹಿಂದೆ ಅದು ಎರಡು ಜಾತಿಗಳ ನಡುವೆ ಇತ್ತು. ಈಗ ಒಬ್ಬೊಬ್ಬನ ಎರಡು ಕೆಲಸಗಳ ನಡುವೆ ಇದೆ. ಅಲ್ಲಿ ಅದನ್ನು ಎಳೆಯುವ ಶ್ರಮವು ಪುಸ್ತಕದಿಂದ ಆಟಗಾರರ ಪಾಲಿಗೆ ಬಂದಿದೆ, ಅಷ್ಟೆ. ಹಣ ನುಂಗಿ ಸೆರೆಮನೆ ಕಂಡು, ಆಮೇಲೆ ವೀಕ್ಷಣಾಲಯ ಕಟ್ಟಿಸಿದ ಯರ್ಕೀಸನನ್ನು ಯಾವ ಮನೆಯಲ್ಲಿಡಬೇಕೆಂದು ಕೇಳಿದರೆ ಇಂದಿನ ಆಟಗಾರನು ಮನೆಯನ್ನು ಹೆಸರಿಸುವ ಬದಲು ಅವನು ಮಾಡಿದ್ದೇನೆಂದು ವಿಚಾರಿಸಬೇಕಾಗುತ್ತದೆ.

ಮಾರ್ಚಿ ತಿಂಗಳ ಮೇಳ

ಗೈಗ್ಯಾಕ್ಸರು ೨೦೦೮ರ ಮಾರ್ಚಿ ೪ರಂದು ಇದೇ ಊರಿನಲ್ಲಿ ತೀರಿಕೊಂಡರು. ಅವರ ನೆನಪಿಗೆ ೨೦೦೯ರಲ್ಲಿ ಮೊದಲಾದ ‘ಗ್ಯಾರಿ ಕಾನ್’ ಎಂಬ ಮೇಳವು ಮಾರ್ಚಿ ತಿಂಗಳಲ್ಲಿ ಲೇಕ್ ಜಿನೀವಾದಲ್ಲಿ ಸೇರುತ್ತ ಬಂದಿದೆ. ಪ್ರವಾಸಿಗನು ಬೇಸಗೆಯಲ್ಲಿ ಬಂದರೆ ಅಂಚೆದೋಣಿಯೂ ಹೂದೋಟಗಳೂ ಕಾಣಸಿಗುತ್ತವೆ. ಮಾರ್ಚಿಯಲ್ಲಿ ಬಂದರೆ ದೋಣಿಗಳಿಲ್ಲ, ಮರಗಳು ಬೋಳು, ಚಳಿ ಇನ್ನೂ ಬಿಟ್ಟಿರುವುದಿಲ್ಲ. ಆದರೆ ಊರ ಹೊರಗಿನ ದೊಡ್ಡ ಹೋಟೆಲಿನ ಕೋಣೆಗಳಲ್ಲಿ ಮೇಜುಗಳು ತುಂಬಿರುತ್ತವೆ. ೧೯೭೦ರ ದಶಕದಲ್ಲಿ ಹುಡುಗರಾಗಿದ್ದು ಈಗ ನರೆತಿರುವ ಹಿರಿಯರು, ಅವರ ಮಕ್ಕಳು, ಮೊಮ್ಮಕ್ಕಳು ಒಂದೇ ಮೇಜಿಗೆ ಕುಳಿತು ದಾಳ ಉರುಳಿಸುತ್ತಾರೆ.

ಗಡಿನಾಡಿನ ಕೋಟೆಯ ಆ ಹಳೆಯ ಪುಸ್ತಿಕೆಯನ್ನು ಈಗಲೂ ಆಡುವವರುಂಟು. ಕಣಿವೆಯ ಗವಿಗಳು ಅವೇ; ಒಳಕೋಣೆಯಲ್ಲಿರುವವರ ಲೆಕ್ಕವೂ ಅದೇ. ಅಜ್ಜನು ನಲವತ್ತು ವರ್ಷಗಳ ಹಿಂದೆ ಎರಡನೆಯ ಯೋಚನೆಯಿಲ್ಲದೆ ದಾಟಿದ್ದ ಆ ಬಾಗಿಲಿನಲ್ಲಿ ಇಂದು ಮೊಮ್ಮಗಳು ನಿಂತು ‘ಒಳಗೆ ಇರುವವರು ಯಾರು?’ ಎಂದು ಕೇಳಿದರೆ ಸೂತ್ರಧಾರನು ಅವರನ್ನು ವರ್ಣಿಸಬೇಕಾಗುತ್ತದೆ. ಅವರ ವಯಸ್ಸೆಷ್ಟು, ಕೈಯಲ್ಲಿ ಏನಿದೆ, ಹೆದರಿದ್ದಾರೆಯೆ, ಏನನ್ನಾದರೂ ಹೇಳುತ್ತಿದ್ದಾರೆಯೆ ಎಂಬುದನ್ನೆಲ್ಲ. ಅಷ್ಟು ವರ್ಣಿಸಿದ ಮೇಲೆ ಹಾಳೆಯ ಮೂಲೆಯಲ್ಲಿ ಬರೆದಿರುವ ಎರಡು ಮಾತುಗಳ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಮೇಜಿನ ಸುತ್ತ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಿ, ಮುಂದೇನು ಮಾಡುವುದೆಂದು ಮಾತನಾಡತೊಡಗುತ್ತಾರೆ.